ಫೋಟೊ ಬಣ್ಣದ ಚಿತ್ರವಾಗದೆ ಕೆಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಮಡಿಕೇರಿ ಕಡೆಯ ಒಂದು ಕುಟುಂಬದವರು ತಾತನ ಫೋಟೊ ತಂದು, ಕುಟುಂಬದ ಮೂಲಮನೆಯಾದ ಐನ್‌ಮನೆಯ ಗೋಡೆಗೆ ಹಾಕಲು ಅದನ್ನು ಎಣ್ಣೆಬಣ್ಣದ ಚಿತ್ರದಂತೆ ಮಾಡಿಕೊಡಿ ಎಂದು ಕೇಳಿದ್ದರು. ಸುಗ್ಗಿ ಹಬ್ಬ ಪುತ್ತರಿಯ ದಿನ ತೆಗೆದ ಫೋಟೊ. ಕೊಡವರ ಕಪ್ಪು ನಿಲುವಂಗಿ ಕುಪ್ಯ, ನಡುವಿಗೆ ಕಟ್ಟಿದ ಕೆಂಪು ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ನನ್ನ ಮೊದಲ ಪ್ರಯತ್ನದಲ್ಲಿ ಕುಪ್ಯ ಕರಿ ತೇಪೆಯಾಯಿತು, ಚೇಲೆಯ ಜರಿ ಕೆಂಪಿನೊಳಗೆ ಕರಗಿತು, ಕಣ್ಣುಗಳು ಎರಡು ಕಂದು ಕಲೆಗಳಾದವು. ಮನೆಯ ಹಿರಿಯ ಹೆಂಗಸು ಪರದೆಯನ್ನು ಬಹಳ ಹೊತ್ತು ನೋಡಿ, "ಬಟ್ಟೆ ಅವರದೇ, ಮನುಷ್ಯ ಅವರಲ್ಲ" ಎಂದರು.

ಆ ಮಾತು ಸರಿಯಾಗಿತ್ತು. ಏಕೆ ಸರಿ ಎಂಬುದು ಅರ್ಥವಾಗಬೇಕಾದರೆ ಫೋಟೊವನ್ನು ಬಿಡಿಸಿದ ಚಿತ್ರದಂತೆ ಮಾಡುವ ಫಿಲ್ಟರಿನ ಕೆಲಸವನ್ನು ಒಮ್ಮೆ ತಿಳಿಯಬೇಕು. ಉಚಿತವಾಗಿ ಸಿಗುವ ಫೋಟೊ ತಂತ್ರಾಂಶ ಗಿಂಪ್‌ನ ಆಯಿಲಿಫೈ ಫಿಲ್ಟರನ್ನೇ ತೆಗೆದುಕೊಳ್ಳಿ. ಅದು ಪ್ರತಿಯೊಂದು ಪಿಕ್ಸೆಲ್‌ನ ಸುತ್ತ ಒಂದು ಸಣ್ಣ ವೃತ್ತವನ್ನು ಹಿಡಿದು, ಅದರೊಳಗೆ ಯಾವ ಬೆಳಕಿನ ಮಟ್ಟ ಹೆಚ್ಚು ಸಲ ಬಂದಿದೆ ಎಂದು ಎಣಿಸಿ, ಆ ಮಟ್ಟದ ಬಣ್ಣವನ್ನೇ ಅಲ್ಲಿ ತುಂಬುತ್ತದೆ. ಇದು ಬಹುಮತದ ಲೆಕ್ಕ. ಕಣ್ಣಿನೊಳಗಿನ ಬೆಳಕಿನ ಚುಕ್ಕಿ, ಜರಿಯ ಒಂದು ಎಳೆ, ಕಾಫಿ ಹೂವಿನ ಎಸಳಿನ ಅಂಚು, ಇವೆಲ್ಲ ಸಂಖ್ಯೆಯಲ್ಲಿ ಕಡಿಮೆ. ಎಣಿಕೆಯಲ್ಲಿ ಸೋಲುತ್ತವೆ. ಚಿತ್ರಕಾರ ಕೈಯಲ್ಲಿ ಬಿಡಿಸುವಾಗ ಇವನ್ನೇ ಮೊದಲು ಉಳಿಸಿಕೊಳ್ಳುತ್ತಾನೆ. ಕೆಳಗಿನ ಬಹುಪಾಲು ದೋಷಗಳ ಮೂಲ ಇಲ್ಲಿದೆ.

ಮೂಲ ಫೋಟೊದ ಪ್ರತಿ ಮಾಡಿ ಪ್ರತಿಯ ಮೇಲಷ್ಟೇ ಕೆಲಸ ಮಾಡಿ. ಮೂಲವನ್ನು ಬೇರೆ ಫೋಲ್ಡರ್‌ನಲ್ಲಿ, ಸಾಧ್ಯವಾದರೆ ಪೆನ್‌ಡ್ರೈವ್‌ನಲ್ಲೂ ಇಡಿ. ತಾತನ ಒಂದೇ ಒಂದು ಫೋಟೊ ಉಳಿದಿರುವ ಮನೆಗಳಿವೆ.

ಫಿಲ್ಟರ್ ಹಾಕಿದೆ, ಏನೂ ಬದಲಾಗಲಿಲ್ಲ

ಮೊದಲು ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲಿ ನೋಡಿ. ಗಿಂಪ್‌ನಲ್ಲಿ 1 ಎಂಬ ಕೀಲಿ ಒತ್ತಿದರೆ ಸಾಕು. ಪರದೆಗೆ ಹೊಂದುವಂತೆ ಕುಗ್ಗಿಸಿ ನೋಡಿದಾಗ ಸಣ್ಣ ಕುಂಚದ ಗುರುತುಗಳು ಕಾಣುವುದೇ ಇಲ್ಲ.

ಅಲ್ಲೂ ಕಾಣದಿದ್ದರೆ ಚಿತ್ರದ ಮೇಲೆ ಎಲ್ಲಾದರೂ ಇರುವೆ ಸಾಲಿನಂಥ ಚುಕ್ಕಿಗೆರೆ ಓಡುತ್ತಿದೆಯೇ ನೋಡಿ. ಹಿಂದೆ ಮಾಡಿದ ಆಯ್ಕೆ ಹಾಗೇ ಉಳಿದಿದ್ದರೆ ಫಿಲ್ಟರ್ ಅಷ್ಟು ಜಾಗಕ್ಕೆ ಮಾತ್ರ ಬೀಳುತ್ತದೆ. ಗಿಂಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿ. ಫೋಟೊಶಾಪ್‌ನಲ್ಲಿ ಕಂಟ್ರೋಲ್ ಮತ್ತು ಡಿ. ಆಮೇಲೆ ಲೇಯರ್‌ಗಳ, ಅಂದರೆ ಒಂದರ ಮೇಲೊಂದಿರುವ ಚಿತ್ರದ ಪದರಗಳ, ಪಟ್ಟಿಯಲ್ಲಿ ಫೋಟೊ ಇರುವ ಲೇಯರೇ ಆಯ್ಕೆಯಾಗಿದೆಯೇ ಎಂದು ನೋಡಿ.

ಇವೆಲ್ಲ ಸರಿಯಿದ್ದರೆ ಉಳಿದದ್ದು ಗಾತ್ರ. ಫಿಲ್ಟರಿನ ವೃತ್ತದ ಅಳತೆ ಪಿಕ್ಸೆಲ್ ಲೆಕ್ಕದಲ್ಲಿರುತ್ತದೆ, ಚಿತ್ರಕ್ಕೆ ತಕ್ಕಂತೆ ತಾನಾಗಿ ಬದಲಾಗುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲವಿರುತ್ತದೆ. ಅದರಲ್ಲಿ 6 ಪಿಕ್ಸೆಲ್ ತ್ರಿಜ್ಯದ ವೃತ್ತವೆಂದರೆ ಭತ್ತದ ಗದ್ದೆಯಲ್ಲಿ ಒಂದು ಕಾಳಿನಷ್ಟು. ಅದೇ 6 ಅನ್ನು 900 ಪಿಕ್ಸೆಲ್ ಅಗಲದ ಮೊಬೈಲ್ ಚಿತ್ರಕ್ಕೆ ಹಾಕಿದರೆ ಮೂಗು, ಬಾಯಿ ಎಲ್ಲ ಒಂದಾಗುತ್ತವೆ. ನಾನು ಅಗಲವನ್ನು ಸುಮಾರು 3000ಕ್ಕೆ ಇಳಿಸಿಕೊಂಡು, ಅಗಲವನ್ನು 300ರಿಂದ ಭಾಗಿಸಿದಷ್ಟು, ಅಂದರೆ 10ರಷ್ಟು ತ್ರಿಜ್ಯದಿಂದ ಶುರು ಮಾಡುತ್ತೇನೆ. ಅಲ್ಲಿಂದ ಮೇಲೆ ಕೆಳಗೆ ಹೋಗುವುದು ಸುಲಭ.

ಫಿಲ್ಟರಿನ ಹೆಸರು ಮಂಕಾಗಿದೆ, ಒತ್ತಲಾಗುವುದಿಲ್ಲ

ತಂತ್ರಾಂಶ ಕೆಟ್ಟಿದೆ ಎಂದು ತೆಗೆದು ಮತ್ತೆ ಹಾಕುವ ಮುನ್ನ ಚಿತ್ರದ ಬಣ್ಣದ ಬಗೆಯನ್ನು ನೋಡಿ. ಜಿಫ್ ಕಡತಗಳೂ ಕೆಲವು ಪಿಎನ್‌ಜಿ ಕಡತಗಳೂ ಇಂಡೆಕ್ಸ್ಡ್ ಬಗೆಯಲ್ಲಿರುತ್ತವೆ, ಅಂದರೆ ಹೆಚ್ಚೆಂದರೆ 256 ಬಣ್ಣಗಳ ಪಟ್ಟಿ. ಗಿಂಪ್‌ನಲ್ಲಿ ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಆರ್‌ಜಿಬಿ ಮಾಡಿ. ಫೋಟೊಶಾಪ್‌ನ ಫಿಲ್ಟರ್ ಗ್ಯಾಲರಿ ಅಚ್ಚಿನ ಬಣ್ಣದ ಬಗೆಯಾದ ಸಿಎಂವೈಕೆ ಚಿತ್ರಕ್ಕಾಗಲಿ 16 ಬಿಟ್ ಚಿತ್ರಕ್ಕಾಗಲಿ ತೆರೆಯುವುದಿಲ್ಲ; ಆರ್‌ಜಿಬಿ ಮತ್ತು 8 ಬಿಟ್ ಬೇಕು. ಫೋಟೊಶಾಪ್‌ನ ಆಯಿಲ್ ಪೇಂಟ್ ಫಿಲ್ಟರ್ ಗ್ರಾಫಿಕ್ಸ್ ಕಾರ್ಡನ್ನು ಅವಲಂಬಿಸಿದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದು ಮಂಕಾಗಿದ್ದರೆ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆ ಚಾಲೂ ಇದೆಯೇ ಎಂದು ನೋಡಿ. ಆಗಲೂ ಬರದಿದ್ದರೆ ಅದಕ್ಕಾಗಿ ಹಣ ಹಾಕಬೇಡಿ, ಗಿಂಪ್‌ನಲ್ಲೇ ಮುಂದುವರಿಯಿರಿ.

2025ರಲ್ಲಿ ಬಂದ ಗಿಂಪ್ 3ಕ್ಕೆ ಬದಲಾದ ಮೇಲೆ ಹೆಚ್ಚುವರಿ ಫಿಲ್ಟರ್‌ಗಳನ್ನು ಕೊಡುವ ಜಿಮಿಕ್ ಪ್ಲಗಿನ್ ಕಾಣೆಯಾಯಿತು ಎನ್ನುವವರಿದ್ದಾರೆ. ಗಿಂಪ್ 2.10ರ ಪ್ಲಗಿನ್‌ಗಳು 3ರಲ್ಲಿ ನಡೆಯುವುದಿಲ್ಲ. ಹೊಸ ಆವೃತ್ತಿಗೆಂದೇ ಮಾಡಿದ ಜಿಮಿಕ್ ಬೇಕು, ಅದನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಬಿಟ್ಟಿ ಫೋಟೊಶಾಪ್ ಎಂದು ಸಿಗುವ ಕಡತಗಳನ್ನು ಮುಟ್ಟಬೇಡಿ. ಅವುಗಳ ಜೊತೆ ಬರುವ ದುಷ್ಟ ತಂತ್ರಾಂಶ ನಿಮ್ಮ ಇಡೀ ಫೋಟೊ ಸಂಗ್ರಹವನ್ನೇ ನುಂಗಬಲ್ಲದು.

ಚೌಕಗಳು ಕಾಣುತ್ತವೆ, ಇಲ್ಲವೇ ಹುಳು ಹರಿದಂತಿದೆ

ಎರಡೂ ಬೇರೆ ಬೇರೆ ಕಾಯಿಲೆ. ಚೌಕಗಳಾದರೆ ಅದು ಜೆಪೆಗ್ ಅದುಮಿಕೆ. ಜೆಪೆಗ್ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಅದುಮುತ್ತದೆ. ಬರಿಗಣ್ಣಿಗೆ ಕಾಣದಿದ್ದ ಆ ಅಂಚುಗಳನ್ನು ಫಿಲ್ಟರ್ ನಿಜವಾದ ಅಂಚುಗಳೆಂದು ಭಾವಿಸಿ ಎತ್ತಿ ತೋರಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗಳಲ್ಲಿ ಇದು ದಿನನಿತ್ಯದ ಸಂಗತಿ. ಪರಿಹಾರಕ್ಕೆ ಕಾಸೂ ಬೇಡ: ಕಳುಹಿಸಿದವರಿಗೆ ಅದನ್ನೇ ಡಾಕ್ಯುಮೆಂಟ್ ಆಗಿ ಮತ್ತೆ ಕಳುಹಿಸಲು ಹೇಳಿ. ಆಗ ವಾಟ್ಸ್‌ಆ್ಯಪ್ ಇನ್ನಷ್ಟು ಅದುಮದ ಮೂಲ ಕಡತವೇ ಬರುತ್ತದೆ.

ಹುಳುಗಳಂಥ ಸಣ್ಣ ಸುರುಳಿಗಳಾದರೆ ಅದು ಕಡಿಮೆ ಬೆಳಕಿನ ಕಾಳುಕಾಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ನಡುಮಧ್ಯಾಹ್ನವೂ ಮುಸ್ಸಂಜೆಯಂತಿರುತ್ತದೆ, ಕ್ಯಾಮೆರಾ ತಾನಾಗಿಯೇ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿಕೊಳ್ಳುತ್ತದೆ. ಕೈಲ್ ಮುಹೂರ್ತ ಹಬ್ಬದ ದಿನ ಮನೆಯೊಳಗೆ ತೆಗೆದ ಫೋಟೊಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಗಿಂಪ್‌ನ ಎನ್‌ಹಾನ್ಸ್ ಗುಂಪಿನಲ್ಲಿರುವ ನಾಯ್ಸ್ ರಿಡಕ್ಷನ್ ಮೊದಲು ಹಾಕಿ, ಆಮೇಲೆ ಬಣ್ಣದ ಫಿಲ್ಟರ್. ಕ್ರಮ ತಿರುಗುಮುರುಗಾದರೆ ಹುಳುಗಳು ಅಂಟಿಕೊಂಡೇ ಉಳಿಯುತ್ತವೆ.

ಒಂದೇ ಲೆನ್ಸ್‌ನ ಎಲ್ಲ ಫೋಟೊಗಳೂ ಮಂಜು ಕವಿದಂತೆ ಮೆತ್ತಗಿವೆಯೇ? ಬಿಸಿಲಲ್ಲಿ ತೆಗೆದದ್ದೂ ಹಾಗೆಯೇ ಇದೆಯೇ? ಲೆನ್ಸ್‌ನ ಮುಚ್ಚಳ ತೆಗೆದು ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ಮಳೆಗಾಲದ ತೇವದಲ್ಲಿ ಬೀರುವಿನಲ್ಲಿಟ್ಟ ಲೆನ್ಸ್‌ಗೆ ಇದು ಹಿಡಿಯುವುದು ಸಾಮಾನ್ಯ. ಇಲ್ಲಿ ನಿಲ್ಲಿಸಿ. ಲೆನ್ಸ್ ಬಿಚ್ಚುವ ಪ್ರಯತ್ನ ಬೇಡ, ದುರಸ್ತಿ ಬಲ್ಲವರಿಗೆ ಕೊಡಿ. ಉಳಿದ ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಬೇರೆ ಮಾಡಿ.

ಮಂಜು ಮೆಟ್ಟಿಲು ಮೆಟ್ಟಿಲಾಗಿದೆ

ಮಾಂದಲ್‌ಪಟ್ಟಿಯಲ್ಲಿ ಬೆಳಗಿನ ಮಂಜು ಬೆಟ್ಟದಿಂದ ಬೆಟ್ಟಕ್ಕೆ ತಿಳಿಯಾಗುತ್ತ ಹೋಗುವುದೇ ಆ ನೋಟದ ಜೀವ. ಫಿಲ್ಟರ್ ಹಾಕಿದ ಮೇಲೆ ಅದು ಸಗಣಿ ಸಾರಿಸಿದ ಪಟ್ಟೆಗಳಂತೆ ಕಂಡರೆ ಬೆಳಕಿನ ಮಟ್ಟಗಳ ಸಂಖ್ಯೆ ಕಡಿಮೆಯಾಗಿದೆ ಎಂದರ್ಥ. ಆಯಿಲಿಫೈನಲ್ಲಿ ಇಂಟೆನ್ಸಿಟಿಗಳ ಸಂಖ್ಯೆಯನ್ನು ಏರಿಸಿ. ಸಾಲದಿದ್ದರೆ ಪ್ರಿಸಿಶನ್ 8 ಬಿಟ್‌ನಿಂದ 16 ಬಿಟ್‌ಗೆ ಬದಲಿಸಿ, ಮೂಲ ಫೋಟೊದಿಂದ ಮತ್ತೆ ಶುರು ಮಾಡಿ. ಒಮ್ಮೆ ಪಟ್ಟೆಯಾದದ್ದನ್ನು ಆಮೇಲೆ ಬಿಟ್ ಏರಿಸಿ ಸರಿಮಾಡಲಾಗದು. ಕೊನೆಯಲ್ಲಿ ಆಕಾಶದ ಭಾಗಕ್ಕೆ ಮಾತ್ರ ಕಂಡೂ ಕಾಣದಷ್ಟು ನಾಯ್ಸ್ ಸೇರಿಸಿದರೆ ಉಳಿದ ಪಟ್ಟೆಗಳೂ ಮುಚ್ಚಿಹೋಗುತ್ತವೆ. ಹಿಂದಿನ ಲಕ್ಷಣದಲ್ಲಿ ಶತ್ರುವಾಗಿದ್ದ ಕಾಳುಕಾಳು ಇಲ್ಲಿ ಉಪಕಾರಿ.

ಕುಪ್ಯ ಕರಿ ತೇಪೆ, ಕಾಫಿ ಹೂವು ಬರೀ ನೊರೆ

ಹೂಮಳೆ ಬಿದ್ದು ಕೆಲವು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಫೋಟೊ ತೆಗೆಯದವರಿಲ್ಲ. ಆ ಬಿಳುಪು ಹೆಚ್ಚಿನ ಫೋಟೊಗಳಲ್ಲಿ ಅತಿಯಾಗಿರುತ್ತದೆ, ಎಸಳಿಗೂ ಎಸಳಿಗೂ ವ್ಯತ್ಯಾಸವೇ ದಾಖಲಾಗಿರುವುದಿಲ್ಲ. ಕಪ್ಪು ಕುಪ್ಯದ ಮಡಿಕೆಗಳದ್ದೂ ಅದೇ ಕಥೆ, ಇನ್ನೊಂದು ತುದಿಯಲ್ಲಿ. ವೃತ್ತದೊಳಗೆ ಎಲ್ಲ ಪಿಕ್ಸೆಲ್‌ಗಳೂ ಒಂದೇ ಆಗಿದ್ದರೆ ಎಣಿಸಲು ಏನೂ ಇರುವುದಿಲ್ಲ.

ಬೆಳಕಿನ ಮಟ್ಟಗಳ ಹಂಚಿಕೆಯ ನಕ್ಷೆ ಹಿಸ್ಟೋಗ್ರಾಮ್ ತೆರೆದು ನೋಡಿ. ಗುಡ್ಡ ಎಡಗೋಡೆಗೆ ಒರಗಿ ನಿಂತಿದ್ದರೆ ಕಪ್ಪು ಸತ್ತಿದೆ, ಬಲಗೋಡೆಗಾದರೆ ಬಿಳುಪು. ಒರಗಿದೆಯಾದರೂ ಗೋಡೆಗೆ ಪೂರ್ತಿ ಅಂಟಿಲ್ಲವಾದರೆ ಉಳಿಸಬಹುದು: ಕಲರ್ಸ್ ಮೆನುವಿನ ಶ್ಯಾಡೋಸ್ ಹೈಲೈಟ್ಸ್‌ನಲ್ಲಿ ನೆರಳನ್ನು ಎತ್ತಿ, ಬೆಳಕನ್ನು ಇಳಿಸಿ, ಆಮೇಲೆ ಫಿಲ್ಟರ್ ಹಾಕಿ. ಫೋಟೊ ಆಗ ಸಪ್ಪೆಯಾಗಿ ಕಾಣುತ್ತದೆ, ಕಾಣಲಿ. ಫಿಲ್ಟರ್ ಮುಗಿದ ಮೇಲೆ ಅದೇ ಮೆನುವಿನ ಕರ್ವ್ಸ್‌ನಲ್ಲಿ ಕಪ್ಪನ್ನು ಮರಳಿ ತರಬಹುದು. ತಾತನ ಫೋಟೊದಲ್ಲಿ ಹೀಗೆ ಎತ್ತಿದಾಗ ಕುಪ್ಯದ ತೋಳಿನ ಬಳಿ ಮೂರು ಮಡಿಕೆಗಳು ಹೊರಬಂದವು, ಎದೆಯ ಮೇಲೆ ಒಂದು ಮಡಿಕೆಯ ಓರೆ ಗೆರೆ ಕಂಡಿತು. ಅಷ್ಟರಿಂದಲೇ ತೇಪೆಯೊಳಗೆ ಮೈ ತುಂಬಿತು. ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಕಡತ ಇದ್ದರೆ ಅದರಿಂದಲೇ ಶುರು ಮಾಡಿ. ಅದರಲ್ಲಿ ಜೆಪೆಗ್‌ಗಿಂತ ಹೆಚ್ಚು ವಿವರ ಅಡಗಿರುತ್ತದೆ. ಬಿಳುಪು ಪೂರ್ತಿ ಹೋಗಿದ್ದರೆ ಯಾವ ಫಿಲ್ಟರೂ ತರಲಾರದು. ಮುಂದಿನ ಹೂವಿಗೆ ಎಕ್ಸ್‌ಪೋಷರನ್ನು ಒಂದು ಮೆಟ್ಟಿಲು ಇಳಿಸಿ ತೆಗೆಯಿರಿ.

ಮುಖ ಕರಗಿದೆ, ಗುರುತು ಸಿಗುತ್ತಿಲ್ಲ

ನನ್ನ ಬಳಿ ಬರುವವರ ದೂರುಗಳಲ್ಲಿ ನೋವು ಹೆಚ್ಚಿರುವುದು ಇದರಲ್ಲಿ. ಇಡೀ ಚಿತ್ರಕ್ಕೆ ಒಂದೇ ತ್ರಿಜ್ಯ ಹಾಕಿರುವುದು ಕಾರಣ. ಮುಖ ಚಿತ್ರದ ಹತ್ತನೇ ಒಂದು ಭಾಗವಿದ್ದರೆ ಕಣ್ಣು ಅದರಲ್ಲಿ ಇನ್ನೆಷ್ಟು?

ಲೇಯರನ್ನು ಮೂರು ಪ್ರತಿ ಮಾಡಿ. ಕೆಳಗಿನದಕ್ಕೆ ದೊಡ್ಡ ತ್ರಿಜ್ಯ, ನಡುವಿನದಕ್ಕೆ ಅದರ ಅರ್ಧ, ಮೇಲಿನದಕ್ಕೆ 2 ಅಥವಾ 3. ಮೇಲಿನ ಎರಡಕ್ಕೂ ಕಪ್ಪು ಲೇಯರ್ ಮಾಸ್ಕ್, ಅಂದರೆ ಪದರವನ್ನು ಮರೆಮಾಡುವ ಮುಸುಕು, ಹಾಕಿದರೆ ಅವು ಕಾಣೆಯಾಗುತ್ತವೆ; ಮಾಸ್ಕ್ ಮೇಲೆ ಬಿಳಿ ಬಳಿದ ಕಡೆ ಮಾತ್ರ ಮತ್ತೆ ಕಾಣುತ್ತವೆ. ಈಗ ಅಂಚು ಮೆತ್ತಗಿರುವ ಕುಂಚದಿಂದ ನಡುವಿನ ಮಾಸ್ಕ್ ಮೇಲೆ ಮುಖ ಮತ್ತು ಕೈಗಳ ಜಾಗದಲ್ಲಿ ಬಿಳಿ ಬಳಿಯಿರಿ, ಮೇಲಿನದರ ಮೇಲೆ ಕಣ್ಣು, ಮೂಗಿನ ಬುಡ, ತುಟಿಯ ಗೆರೆಗಳಲ್ಲಿ ಮಾತ್ರ. ಕೊನೆಗೆ ಹೊಸ ಲೇಯರ್ ಒಂದನ್ನು ತೆಗೆದು, ಕಣ್ಣಿನೊಳಗೆ ಮೂಲ ಫೋಟೊದಲ್ಲಿ ಬೆಳಕು ಬಿದ್ದ ಕಡೆ ಒಂದು ಚುಕ್ಕಿ ಇಡಿ. ಅಚ್ಚ ಬಿಳಿ ಬೇಡ. ಮೂಲದಿಂದ ಬಣ್ಣ ಹೀರಿಕೊಳ್ಳುವ ಸಲಕರಣೆ ಬಳಸಿ. ಎರಡು ಕಣ್ಣಿಗೂ ಒಂದೇ ದಿಕ್ಕಿನಲ್ಲಿ ಇಡಿ. ತಾತನ ಚಿತ್ರದಲ್ಲಿ ಈ ಎರಡು ಚುಕ್ಕಿಗಳಿಗೆ ನಾನು ಅರ್ಧ ಗಂಟೆ ತೆಗೆದುಕೊಂಡೆ. ಉಳಿದ ಚಿತ್ರಕ್ಕೆಲ್ಲ ಸೇರಿ ಅಷ್ಟು ಬೇಕಾಗಿರಲಿಲ್ಲ.

ಈ ಕಷ್ಟವೇ ಬೇಡವೆಂದು ಫೋಟೊವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಕೊಡುವವರಿಗೆ ಒಂದು ಮಾತು. ಅವು ಫೋಟೊವನ್ನು ಬದಲಿಸುವುದಿಲ್ಲ, ಹೊಸದಾಗಿ ಊಹಿಸಿ ಬಿಡಿಸುತ್ತವೆ. ಮದುಮಗಳ ಫೋಟೊ ಒಂದನ್ನು ಹೀಗೆ ಮಾಡಿಸಿ ತಂದಿದ್ದರು. ಕೊರಳಿನ ಕೊಕ್ಕೆತಾತಿಯ ಅರ್ಧಚಂದ್ರ ದುಂಡು ಪದಕವಾಗಿತ್ತು, ಬೆನ್ನ ಹಿಂದೆ ಇರಬೇಕಾದ ಸೀರೆಯ ನೆರಿಗೆ ಮುಂದಕ್ಕೆ ಬಂದಿತ್ತು. ನೋಡಲು ಚೆಂದವೇ ಇತ್ತು, ಆದರೆ ಕೊಡವ ಮದುಮಗಳಾಗಿರಲಿಲ್ಲ. ಆಭರಣ, ಉಡುಗೆ, ಕೈಬೆರಳುಗಳನ್ನು ಮೂಲದ ಜೊತೆ ಒಂದೊಂದಾಗಿ ಹೋಲಿಸದೆ ಒಪ್ಪಬೇಡಿ. ಮಕ್ಕಳ ಫೋಟೊಗಳನ್ನು, ಬೇರೆಯವರ ಒಪ್ಪಿಗೆಯಿಲ್ಲದ ಮುಖಗಳನ್ನು ಇಂಥ ಕಡೆ ಏರಿಸಲೇಬೇಡಿ.

ತೋಟವೆಲ್ಲ ಒಂದೇ ಥರ, ಎಲ್ಲಿ ನೋಡಬೇಕೆಂದೇ ತಿಳಿಯದು

ಕಾಫಿ ಎಲೆ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಸೋರುವ ಬೆಳಕಿನ ಚೂರುಗಳು. ಕಣ್ಣಿಗೆ ಇದು ಸೊಗಸು. ಫಿಲ್ಟರ್‌ಗೆ ಇದು ಒಂದೇ ಗಾತ್ರದ ಸಾವಿರಾರು ಹಸಿರು ಚೂರುಗಳು, ಎಲ್ಲಕ್ಕೂ ಸಮಾನ ಗಮನ ಕೊಟ್ಟು ಸೊಪ್ಪಿನ ಪಲ್ಯ ಮಾಡಿ ಇಡುತ್ತದೆ. ಸಂಖ್ಯೆಗಳನ್ನು ಎಷ್ಟು ತಿರುಗಿಸಿದರೂ ಇದು ಹೋಗುವುದಿಲ್ಲ, ಏಕೆಂದರೆ ಏನನ್ನು ಬಿಡಬೇಕು ಎಂಬ ತೀರ್ಮಾನ ನಡೆದೇ ಇಲ್ಲ. ಅದನ್ನು ನೀವು ಮಾಡಬೇಕು.

ಮೊದಲು ಕತ್ತರಿಸಿ ನೋಡಿ. ದಾರಿಯ ತಿರುವು, ಕಣದ ಮೂಲೆ, ಓಂಕಾರೇಶ್ವರದ ಕೆರೆಯಲ್ಲಿ ಬಿದ್ದ ಮಂಟಪದ ನೆರಳು, ಹೀಗೆ ಕಣ್ಣು ನಿಲ್ಲುವ ಒಂದು ಜಾಗವನ್ನು ಆರಿಸಿ ಸುತ್ತಲಿನದನ್ನು ತೆಗೆದುಹಾಕಿ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ. ರೆಪ್ಪೆ ಅರ್ಧ ಮುಚ್ಚಿದಾಗ ಚಿತ್ರ ನಾಲ್ಕೈದು ದೊಡ್ಡ ಬೆಳಕು ನೆರಳಿನ ಗುಂಪುಗಳಾಗಿ ಕಾಣಬೇಕು. ಕಾಣದಿದ್ದರೆ ಆ ಫೋಟೊ ಚಿತ್ರವಾಗುವುದಿಲ್ಲ, ಬೇರೆ ಆರಿಸಿ. ಹತ್ತು ಗಂಟೆಯ ಕಡು ಬಿಸಿಲಿನಲ್ಲಿ ತೆಗೆದ ತೋಟ ಎಂದೂ ಒಲಿಯುವುದಿಲ್ಲ. ಮಳೆ ನಿಂತ ಮರುಗಳಿಗೆಯ ತೋಟ ತಾನಾಗಿ ಒಲಿಯುತ್ತದೆ.

ಗುಂಪುಗಳು ಕಂಡರೆ ಹಿನ್ನೆಲೆಯ ಎಲೆಗಳಿಗೆ ಮೀಡಿಯನ್ ಬ್ಲರ್ ಹಾಕಿ ಮೆತ್ತಗೆ ಮಾಡಿ, ಮುಖಕ್ಕೆ ಹೇಳಿದ ಮೂರು ಲೇಯರ್‌ಗಳ ಕ್ರಮವನ್ನೇ ಇಲ್ಲೂ ಅನುಸರಿಸಿ. ಇನ್ನೂ ಕೈಯ ಗುರುತು ಬೇಕೆನಿಸಿದರೆ ಗಿಂಪ್‌ನಲ್ಲೇ ಇರುವ ಗಿಂಪ್ರೆಶನಿಸ್ಟ್ ಫಿಲ್ಟರ್ ತೆರೆಯಿರಿ. ಅದರಲ್ಲಿ ಕುಂಚದ ಗಾತ್ರ ಮಾತ್ರವಲ್ಲ, ಎಳೆತದ ದಿಕ್ಕನ್ನೂ ಹೇಳಬಹುದು. ನೀರು ಕೆಳಕ್ಕೆ, ಹುಲ್ಲು ಮೇಲಕ್ಕೆ, ಬೆಟ್ಟ ಇಳಿಜಾರಿನ ಗುಂಟ ಎಳೆದಂತಾದಾಗ ಅಬ್ಬಿಯ ನೀರು ನಿಜಕ್ಕೂ ಬೀಳುತ್ತದೆ.

ಪ್ಲಾಸ್ಟಿಕ್‌ನಂತೆ ಹೊಳೆಯುತ್ತದೆ

ಫೋಟೊಶಾಪ್‌ನ ಆಯಿಲ್ ಪೇಂಟ್‌ನಲ್ಲಿ ಶೈನ್ ಇಳಿಸಿ, ಬೆಳಕಿನ ಕೋನವನ್ನು ಫೋಟೊದ ಬೆಳಕು ಬರುವ ಕಡೆಗೇ ತಿರುಗಿಸಿ. ಎಡದಿಂದ ಬಿಸಿಲು ಬಿದ್ದ ಮುಖದ ಮೇಲೆ ಬಲದಿಂದ ಹೊಳೆಯುವ ಬಣ್ಣ ಇದ್ದರೆ ಕಣ್ಣು ತಕ್ಷಣ ಸುಳ್ಳು ಹಿಡಿಯುತ್ತದೆ.

ಕಂಪ್ಯೂಟರ್ ಸ್ತಬ್ಧವಾಗುತ್ತದೆ

ಆಯಿಲಿಫೈನಲ್ಲಿ ತ್ರಿಜ್ಯ ಎರಡು ಪಟ್ಟಾದರೆ ಎಣಿಸಬೇಕಾದ ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗುತ್ತವೆ. ಆದ್ದರಿಂದ ಸ್ವಲ್ಪ ಕಾಯಿರಿ, ಸತ್ತಿದೆ ಎಂದು ಬಲವಂತವಾಗಿ ಮುಚ್ಚಬೇಡಿ. ಮೊದಲು 800 ಪಿಕ್ಸೆಲ್‌ನ ಚಿಕ್ಕ ತುಂಡಿನಲ್ಲಿ ಸಂಖ್ಯೆಗಳನ್ನು ನಿರ್ಧರಿಸಿಕೊಂಡು, ಆಮೇಲೆ ಪೂರ್ತಿ ಚಿತ್ರಕ್ಕೆ ಹಾಕಿ. ಪ್ರತಿ ಹಂತದಲ್ಲೂ ಗಿಂಪ್‌ನ ಸ್ವಂತ ಬಗೆಯಾದ ಎಕ್ಸ್‌ಸಿಎಫ್ ಕಡತವಾಗಿ ಉಳಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಯಾರನ್ನೂ ಕೇಳಿ ಅಲ್ಲ.

ಲ್ಯಾಪ್‌ಟಾಪನ್ನು ಹಾಸಿಗೆ, ಕಂಬಳಿಯ ಮೇಲಿಟ್ಟು ಈ ಕೆಲಸ ಮಾಡಬೇಡಿ, ಗಾಳಿಯ ಕಿಂಡಿ ಮುಚ್ಚಿ ಬಿಸಿಯೇರುತ್ತದೆ. ಗುಡುಗು ಕೇಳಿದ ಕೂಡಲೇ ಉಳಿಸಿ, ಪ್ಲಗ್ ಮತ್ತು ಇಂಟರ್‌ನೆಟ್ ತಂತಿ ಎರಡನ್ನೂ ಕಿತ್ತಿಡಿ. ಕೀಲಿಮಣೆಯ ಕೆಳಗಿನ ಟಚ್‌ಪ್ಯಾಡ್ ಉಬ್ಬಿಕೊಂಡಿದ್ದರೆ ಬ್ಯಾಟರಿ ಊದಿರಬಹುದು. ಆಗ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಲ್ಯಾಪ್‌ಟಾಪ್ ಆಫ್ ಮಾಡಿ ದುರಸ್ತಿಯವರಿಗೆ ಒಪ್ಪಿಸಿ.

ಹಳೆಯ ಫೋಟೊ ಗಾಜಿಗೆ ಅಂಟಿದೆ

ತೇವದ ಗೋಡೆಯಲ್ಲಿ ತೂಗಿದ ಹಳೆಯ ಚೌಕಟ್ಟುಗಳಲ್ಲಿ ಹೀಗಾಗುತ್ತದೆ. ಕೀಳಬೇಡಿ. ಕಿತ್ತರೆ ಬಣ್ಣದ ಪದರ ಗಾಜಿನ ಜೊತೆ ಹೋಗುತ್ತದೆ, ಹೋದದ್ದು ಬಾರದು. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಇಲ್ಲವೇ ಫ್ಲ್ಯಾಶ್ ಹಾಕದೆ ಕಿಟಕಿಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೂಗಿಗೆ ಮಾಸ್ಕ್ ಹಾಕದೆ ಕೆದಕಬೇಡಿ. ಬಿಡಿಸಲೇಬೇಕಿದ್ದರೆ ಹಳೆಯ ಫೋಟೊ ಸಂರಕ್ಷಣೆ ಬಲ್ಲವರಲ್ಲಿಗೆ ಒಯ್ಯಿರಿ.

ಪರದೆಯಲ್ಲಿ ಚೆಂದ, ಅಚ್ಚಿನಲ್ಲಿ ಕಪ್ಪು

ಪರದೆ ತನ್ನ ಬೆಳಕಿನಿಂದ ಹೊಳೆಯುತ್ತದೆ, ಕಾಗದ ಕೋಣೆಯ ಬೆಳಕನ್ನು ಮರಳಿಸುತ್ತದೆ. ಪರದೆಯ ಪ್ರಖರತೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ನೋಡಿ, ಅಚ್ಚಿನಲ್ಲಿ ಕಂಡದ್ದೇ ಕಂಡರೆ ದೋಷ ಅಚ್ಚಿನವರದಲ್ಲ. ಬಣ್ಣ ಬೇರೆಯೇ ಆಗಿದ್ದರೆ ಕಡತ ಯಾವ ಬಣ್ಣದ ಪ್ರೊಫೈಲ್‌ನಲ್ಲಿದೆ ಎಂದು ನೋಡಿ; ಅಂಗಡಿಯವರು ಬೇರೆ ಕೇಳದಿದ್ದರೆ ಎಸ್‌ಆರ್‌ಜಿಬಿಯಲ್ಲಿ ಕೊಡಿ. ನಿಜವಾದ ಕ್ಯಾನ್ವಾಸ್ ಬಟ್ಟೆಯ ಮೇಲೆ ಅಚ್ಚು ಹಾಕಿಸುವುದಾದರೆ ತಂತ್ರಾಂಶದ ಕ್ಯಾನ್ವಾಸ್ ನೇಯ್ಗೆಯನ್ನು ಸೇರಿಸಬೇಡಿ. ಎರಡು ನೇಯ್ಗೆಗಳು ಒಂದರ ಮೇಲೊಂದು ಬಿದ್ದು ವಿಚಿತ್ರ ಅಲೆಗಳು ಹುಟ್ಟುತ್ತವೆ.

ಅಳತೆಯ ಬಗ್ಗೆ ಹೆದರಬೇಡಿ. 18 ಇಂಚು ಅಗಲದ ಚಿತ್ರಕ್ಕೆ ಇಂಚಿಗೆ 300ರಂತೆ 5400 ಪಿಕ್ಸೆಲ್ ಬೇಕೆಂದು ಹೇಳುತ್ತಾರೆ. ಕುಂಚದ ಗುರುತಿರುವ ಚಿತ್ರಕ್ಕೆ, ನಾಲ್ಕು ಹೆಜ್ಜೆ ದೂರದಿಂದ ನೋಡುವ ಗೋಡೆಗೆ 3000 ಧಾರಾಳ ಸಾಕು.

ದೊಡ್ಡದಾಗಿ ಅಚ್ಚು ಹಾಕಿಸುವ ಮುನ್ನ ಅತಿ ಕಪ್ಪಾದ ಭಾಗವನ್ನೂ ಮುಖವನ್ನೂ ಒಂದು ಪೋಸ್ಟ್‌ಕಾರ್ಡ್ ಗಾತ್ರದ ತುಂಡಿನಲ್ಲಿ ಅಚ್ಚು ಹಾಕಿಸಿ, ಚಿತ್ರ ತೂಗಲಿರುವ ಗೋಡೆಗೇ ಒಯ್ದು ನೋಡಿ. ತಾತನ ಚಿತ್ರ ಹೋಗಬೇಕಿದ್ದದ್ದು ಐನ್‌ಮನೆಯ ನಡುಮನೆಗೆ, ಅಂದರೆ ನೆಲ್ಲಕ್ಕಿ ನಡುಬಾಡೆಗೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಸ್ಪಷ್ಟವಾಗಿದ್ದ ಕುಪ್ಯದ ಮಡಿಕೆಗಳು ಅಲ್ಲಿ ಸಂಜೆ ನಾಲ್ಕಕ್ಕೇ ಮುಳುಗಿದವು. ನಡುವಿನ ಮಟ್ಟಗಳನ್ನು ಕರ್ವ್ಸ್‌ನಲ್ಲಿ ಇನ್ನಷ್ಟು ಎತ್ತಿ, ಇನ್ನೊಂದು ತುಂಡು ಹಾಕಿಸಿ ತಂದೆ. ತೂಗುದೀಪ ಹಚ್ಚಿದ ಮೇಲೂ ತೋಳಿನ ಮೂರು ಮಡಿಕೆಗಳು ಎಣಿಸಲು ಸಿಕ್ಕವು, ಆಮೇಲೆಯೇ ದೊಡ್ಡದನ್ನು ಅಚ್ಚಿಗೆ ಕೊಟ್ಟೆ.